ಸೆಕೆಂಡ್ ಹ್ಯಾಂಡ್ ಕಾರು, ಸಣ್ಣ ಸಂಬಳ, ಫುಲ್ ಇನ್ಶೂರೆನ್ಸ್: ನಾನು ಮಾಡ್ಸಿದ ಕಥೆ

ಹೋದ ವಾರ ಪಾಲಿಸಿ ಪಿಡಿಎಫ್ ಬಂತು. ನನ್ ಹೆಸರಲ್ಲಿ, ನನ್ ಸಂಬಳದ ದುಡ್ಡಲ್ಲಿ, ಕಾಂಪ್ರಹೆನ್ಸಿವ್. ಕಾರು ತಗೊಳೋದಕ್ಕಿಂತ ಅದಕ್ಕೆ ಇನ್ಶೂರೆನ್ಸ್ ಮಾಡ್ಸೋದೇ ಜಾಸ್ತಿ ಸುಸ್ತು ಮಾಡ್ತು ನನಗೆ, ಅದಕ್ಕೆ ಎಲ್ಲಾ ನೆನಪಿರೋವಾಗ್ಲೇ ಬರೆದುಬಿಡೋಣ ಅಂತ ಕೂತಿದೀನಿ, ಮೊದಲ ಕಾರು ತಗೊಳೋ ಹುಡುಗ ಹುಡುಗೀರಿಗೆ ಉಪಯೋಗ ಆಗ್ಲಿ.

ನನಗೆ 23. ತಿಂಗಳಿಗೆ ಕೈಗೆ ಬರೋದು 26 ಸಾವಿರ. ಕಾರು ಆರು ವರ್ಷ ಹಳೇದು, ಪೆಟ್ರೋಲ್ ಹ್ಯಾಚ್‌ಬ್ಯಾಕ್, 1197 ಸಿಸಿ, ಬೆಂಗಳೂರು ರಿಜಿಸ್ಟ್ರೇಷನ್, ಬೆಲೆ 3 ಲಕ್ಷದ 60 ಸಾವಿರ. ಲೋನ್ ಇಲ್ಲ, ನಾನು ಕೂಡಿಟ್ಟಿದ್ದು ಪೂರ್ತಿ ಹೋಯ್ತು, ಕಮ್ಮಿ ಬಿದ್ದಿದ್ದನ್ನ ಅಪ್ಪ ಕೊಟ್ರು.

ಕಾರು ನೋಡೋಕೆ ಹೋದಾಗ್ಲೇ ಡೀಲರ್ ಹೇಳಿದ್ದು "ಫಸ್ಟ್ ಪಾರ್ಟಿ ಇನ್ಶೂರೆನ್ಸ್ ಇದೆ ಮೇಡಂ, ಇನ್ನೂ ಟೈಮಿದೆ, ನೀವೇನೂ ಮಾಡ್ಬೇಕಿಲ್ಲ" ಅಂತ. ನಮ್ಮಲ್ಲಿ ಕಾಂಪ್ರಹೆನ್ಸಿವ್‌ಗೆ ಫಸ್ಟ್ ಪಾರ್ಟಿ, ಫುಲ್ ಇನ್ಶೂರೆನ್ಸ್ ಅಂತೆಲ್ಲ ಅಂತಾರೆ, ಎಲ್ಲ ಒಂದೇ. ನಾನು ಪಾಲಿಸಿ ಕಾಪಿ ಕೇಳಿ ಇಸ್ಕೊಂಡೆ. ಅವಧಿ ಮುಗಿಯೋಕೆ ಇನ್ನು ಎರಡು ತಿಂಗಳಿತ್ತು, ಹೆಸರು ಹಳೇ ಓನರ್‌ದು, ಎನ್‌ಸಿಬಿ (ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯ್ತಿ) 45 ಪರ್ಸೆಂಟ್ ಅಂತ ಇತ್ತು. ಇಲ್ಲಿ ಪ್ರತಿಯೊಬ್ರೂ ತಿಳ್ಕೋಬೇಕಾಗಿರೋ ವಿಷಯ ಒಂದಿದೆ. ಕಾರು ಕೈ ಬದಲಾದ್ರೆ ಥರ್ಡ್ ಪಾರ್ಟಿ ಭಾಗ, ಅಂದ್ರೆ ನಮ್ಮ ಕಾರಿಂದ ಬೇರೆಯವ್ರಿಗೆ ಆಗೋ ನಷ್ಟದ ಕವರ್, ಅದು ಮಾತ್ರ ತಾನಾಗೇ ಹೊಸ ಓನರ್‌ಗೆ ಬರತ್ತೆ, ಮೋಟಾರು ವಾಹನ ಕಾಯ್ದೆ 1988ರ 157ನೇ ಸೆಕ್ಷನ್ ಹೇಳೋದು ಅದನ್ನೇ, 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸ್ಕೋಬೇಕು ಅಂತಾನೂ ಅದ್ರಲ್ಲೇ ಇದೆ. ಆದ್ರೆ ಸ್ವಂತ ಕಾರಿನ ಡ್ಯಾಮೇಜು, ಕಳ್ಳತನ ಇದ್ಯಾವ್ದೂ ತಾನಾಗೇ ಬರಲ್ಲ. ಕಂಪನಿ ಒಪ್ಪಿ ನಿಮ್ಮ ಹೆಸರಿಗೆ ಮಾಡಿದ್ಮೇಲೇ ಅದು ನಿಮ್ದು. ಅಂದ್ರೆ ಹಳೇ ಓನರ್ ಹೆಸರಲ್ಲಿರೋ "ಫುಲ್ ಇನ್ಶೂರೆನ್ಸ್" ಇಟ್ಕೊಂಡು ನೀವು ಕಂಬಕ್ಕೆ ಗುದ್ದಿದ್ರೆ ನಿಮ್ಮ ಕಾರಿಗೆ ಒಂದು ರೂಪಾಯೀನೂ ಸಿಗೋ ಗ್ಯಾರಂಟಿ ಇಲ್ಲ. ಡೀಲರ್‌ಗಳು ಇದನ್ನ ಹೇಳಲ್ಲ, ನೀವೇ ಕೇಳ್ಬೇಕು.

ಅದಕ್ಕೆ ಹೆಸರು ಬದಲಾಗೋ ತನಕ ಕಾರನ್ನ ಮನೆ ಮುಂದೆ ಕವರ್ ಹಾಕಿ ನಿಲ್ಲಿಸ್ದೆ. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ನಡ್ಕೊಂಡು ಮೆಟ್ರೋ ಹಿಡಿಯೋಕೆ ಹೋಗ್ತಿದ್ದೆ, ಎಷ್ಟು ಸಂಕಟ ಆಗ್ತಿತ್ತು ಅಂದ್ರೆ ಹೇಳೋಕಾಗಲ್ಲ.

ಈಗ ಹೆಸರು ಬದಲಾಯಿಸೋದು ಹೇಗೆ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದ್ರೆ "ಮೊದಲು ಆರ್‌ಸಿ ನಿಮ್ಮ ಹೆಸರಿಗಾಗ್ಲಿ, ಆಮೇಲೆ ಬನ್ನಿ" ಅಂದ್ರು. ಆರ್‌ಟಿಒಗೆ ಹೋದ್ರೆ ಚಾಲ್ತಿಯಲ್ಲಿರೋ ಇನ್ಶೂರೆನ್ಸ್ ಕೊಡಿ ಅಂತಾರೆ, ಅದು ಪುಣ್ಯಕ್ಕೆ ಇತ್ತು, ಎರಡು ತಿಂಗಳು ಕಳೆದುಹೋಗಿದ್ರೆ ಅದೂ ಇರ್ತಿರ್ಲಿಲ್ಲ. ಓನರ್ ಬದಲಾಯಿಸೋ ಅರ್ಜಿ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಹಳೇ ಓನರ್ ಸಹಿ ಬೇಕು, ಅದನ್ನ ಡೀಲರ್ ಮೊದ್ಲೇ ಮಾಡಿಸಿಟ್ಟಿದ್ರು. ಆದ್ರೆ ಪರಿವಾಹನ್ ಪೋರ್ಟಲ್ಲಲ್ಲಿ ಅರ್ಜಿ ಹಾಕೋವಾಗ ಓಟಿಪಿ ಹೋಗಿದ್ದು ಆರ್‌ಸಿಗೆ ಲಿಂಕ್ ಆಗಿರೋ ಮೊಬೈಲ್ ನಂಬರಿಗೆ, ಆ ನಂಬರ್ ಹಳೇ ಓನರ್ ಬಿಟ್ಟು ಎಷ್ಟೋ ಕಾಲ ಆಗಿತ್ತು. ಡೀಲರ್ ಅಂತೂ ದುಡ್ಡು ಸಿಕ್ಕಿದ್ಮೇಲೆ ಫೋನ್ ಎತ್ತೋದೇ ಕಮ್ಮಿ ಮಾಡಿದ್ರು. ಕೊನೆಗೆ ನಾನೇ ಹಳೇ ಓನರ್ ಹತ್ರ ನೇರವಾಗಿ ಮಾತಾಡಿದೆ, ಪಾಪ ಒಳ್ಳೇ ಮನುಷ್ಯ, ಆದ್ರೆ ಕಾರು ಮಾರಿ ಆಯ್ತಲ್ಲ ಇನ್ಯಾಕೆ ಅನ್ನೋ ಥರ ಇದ್ರು. ಆಗ ನಾನು "ಸರ್, ಆರ್‌ಸಿಲಿ ನಿಮ್ಮ ಹೆಸರಿರೋ ತನಕ ಏನಾದ್ರೂ ಆಕ್ಸಿಡೆಂಟ್ ಆದ್ರೆ ಕೋರ್ಟು ನಿಮ್ಮನ್ನೇ ಓನರ್ ಅಂತ ನೋಡತ್ತೆ, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ" ಅಂದೆ. ಅಷ್ಟು ಹೇಳಿದ್ಮೇಲೆ ಅವ್ರೇ ಮುತುವರ್ಜಿ ವಹಿಸಿ ಮೊಬೈಲ್ ನಂಬರ್ ಅಪ್ಡೇಟ್ ಮಾಡ್ಸಿ ಓಟಿಪಿ ಕೊಟ್ರು. ಕಾರು ತಗೊಳೋವಾಗ್ಲೇ, ದುಡ್ಡು ಕೈಬಿಡೋ ಮುಂಚೆನೇ, ಆರ್‌ಸಿಗೆ ಲಿಂಕ್ ಆಗಿರೋ ನಂಬರ್ ಮಾರೋರ ಕೈಲಿ ಇದ್ಯಾ ಅಂತ ಕೇಳ್ಕೊಳ್ಳಿ, ಇದೊಂದು ಪ್ರಶ್ನೆ ಎಷ್ಟೋ ಅಲೆದಾಟ ಉಳಿಸತ್ತೆ.

ಅರ್ಜಿ ಹೋಯ್ತು, ಫೀಸ್ ಕಟ್ಟಿ ಆಯ್ತು, ಆದ್ರೆ ಹೊಸ ಆರ್‌ಸಿ ಬರೋ ಹಾಗೆ ಕಾಣ್ಲಿಲ್ಲ. ಕಾಯೋದು ಕಾಯೋದು. ಸ್ಟೇಟಸ್ ನೋಡಿದ್ರೆ ಅದೇ ಸಾಲು. ಇತ್ತ ಪಾಲಿಸಿ ದಿನ ಹತ್ರ ಬರ್ತಿದೆ. ಆಗ ನಾನು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡೋದು ಬಿಟ್ಟು ಈಮೇಲ್ ಹಾಕಿದೆ, ಆರ್‌ಟಿಒ ರಸೀದಿ, ಫಾರ್ಮ್ 29, 30, ಮಾರಾಟದ ಪತ್ರ, ಹಳೇ ಪಾಲಿಸಿ ಎಲ್ಲ ಅಂಟಿಸಿ, "ಈ ದಾಖಲೆಗಳ ಮೇಲೆ ಟ್ರಾನ್ಸ್‌ಫರ್ ಮಾಡೋಕಾಗತ್ತಾ, ಆಗಲ್ಲ ಅಂದ್ರೆ ಯಾವ ನಿಯಮದ ಪ್ರಕಾರ ಆಗಲ್ಲ ಅಂತ ತಿಳಿಸಿ" ಅಂತ. ಫೋನಲ್ಲಿ ಆಗಲ್ಲ ಅಂದೋರೇ ಈಮೇಲಲ್ಲಿ ಆಗತ್ತೆ ಅಂದ್ರು! ಬರವಣಿಗೆಲಿ ಕೇಳಿದ್ರೆ ಉತ್ತರ ಬೇರೆನೇ ಬರತ್ತೆ, ಇದು ನನ್ನ ಅನುಭವ. ಎಲ್ಲ ಕಂಪನೀನೂ ಹೀಗೆ ಒಪ್ಪತ್ತೆ ಅಂತ ಹೇಳಲ್ಲ, ಆದ್ರೆ ಕೇಳಿ ನೋಡಿ.

ಒಪ್ಪಿದ್ಮೇಲೆ ಎರಡು ಕೆಲ್ಸ ಇತ್ತು. ಒಂದು, ಎನ್‌ಸಿಬಿ ರಿಕವರಿ. ನೋ ಕ್ಲೇಮ್ ಬೋನಸ್ ಅನ್ನೋದು ಕಾರಿಗೆ ಸೇರಿದ್ದಲ್ಲ, ಆ ಓನರ್‌ಗೆ ಸೇರಿದ್ದು, ಅವ್ರು ಅದನ್ನ ತಮ್ಮ ಮುಂದಿನ ಕಾರಿಗೆ ತಗೊಂಡು ಹೋಗ್ತಾರೆ. ಹಾಗಾಗಿ ಅವ್ರಿಗೆ ಸಿಕ್ಕಿದ್ದ ರಿಯಾಯ್ತಿನ ಉಳಿದ ಅವಧಿಗೆ ಲೆಕ್ಕ ಹಾಕಿ ನಾವು ಕಟ್ಟಿಕೊಡ್ಬೇಕು. ಎರಡು ತಿಂಗಳೂ ಪೂರ್ತಿ ಉಳಿದಿರ್ಲಿಲ್ಲ, ಟ್ರಾನ್ಸ್‌ಫರ್ ಚಾರ್ಜ್ ಸೇರಿ 600 ರೂಪಾಯಿ ಒಳಗೇ ಮುಗೀತು. ಅವಧಿ ಜಾಸ್ತಿ ಬಾಕಿ ಇದ್ರೆ ಸಾವಿರಗಟ್ಟಲೆ ಆಗತ್ತೆ, ಕಾರಿನ ರೇಟ್ ಮಾತಾಡೋವಾಗ್ಲೇ ಇದನ್ನೂ ಸೇರಿಸ್ಕೊಂಡು ಚೌಕಾಶಿ ಮಾಡಿ.

ಎರಡನೇದು ಇನ್‌ಸ್ಪೆಕ್ಷನ್. ಈಗ ಆಪಲ್ಲಿ ನಾವೇ ವಿಡಿಯೋ ಮಾಡಿ ಕಳಿಸ್ಬೇಕು. ಕಾರಿನ ಸುತ್ತ ಒಂದು ಸುತ್ತು, ಗಾಜು, ಬಾನೆಟ್ ತೆಗೆದು ಒಳಗೆ, ಓಡೋಮೀಟರ್, ಚಾಸಿ ನಂಬರ್. ಸಂಜೆ ಆಫೀಸ್ ಮುಗಿಸಿ ಬಂದು ಟಾರ್ಚ್ ಬೆಳಕಲ್ಲಿ ಮಾಡಿ ಕಳಿಸಿದ್ದನ್ನ ಚಾಸಿ ನಂಬರ್ ಕಾಣ್ತಿಲ್ಲ ಅಂತ ವಾಪಸ್ ಹಾಕಿದ್ರು. ಭಾನುವಾರ ಬೆಳಿಗ್ಗೆ ಒಳ್ಳೆ ಬೆಳಕಲ್ಲಿ, ಚಾಸಿ ಪ್ಲೇಟ್ ಒದ್ದೆ ಬಟ್ಟೇಲಿ ಒರೆಸಿ, ತಮ್ಮನ್ನ ನಿಲ್ಲಿಸ್ಕೊಂಡು ಮಾಡಿದ್ದು ಪಾಸ್ ಆಯ್ತು. ಹಿಂದಿನ ಬಂಪರಲ್ಲಿ ಮೊದ್ಲಿಂದ ಇದ್ದ ಗೀರನ್ನ ಅವ್ರು ಬರ್ಕೊಂಡ್ರು, ಅದಕ್ಕೆ ಮುಂದೆ ಕ್ಲೇಮ್ ಬರಲ್ಲ, ಅದು ಸರಿನೇ.

ಇಷ್ಟಾದ್ಮೇಲೆ ಕಾರು ಓಡಿಸ್ದೆ. ಮೊದಲ ದಿನ ಬರೀ ನಮ್ಮ ಏರಿಯಾ ಒಂದು ರೌಂಡು, ಅಪ್ಪ ಪಕ್ಕದಲ್ಲಿ, ಕೈ ನಡುಗ್ತಿತ್ತು ಆದ್ರೆ ಅಷ್ಟು ಖುಷಿ.

ಆಮೇಲೆ ಬಂದಿದ್ದು ರಿನ್ಯೂವಲ್, ದುಡ್ಡಿನ ಪ್ರಶ್ನೆ ನಿಜವಾಗಿ ಬಂದಿದ್ದು ಅಲ್ಲೇ.

ಸುತ್ತ ಇರೋರೆಲ್ಲ ಹೇಳಿದ್ದು "ಹಳೇ ಕಾರಿಗ್ಯಾಕೆ ಫುಲ್ಲು, ಥರ್ಡ್ ಪಾರ್ಟಿ ಹಾಕ್ಸು ಸಾಕು, ಪೊಲೀಸ್ ಕೇಳಿದ್ರೆ ತೋರ್ಸೋಕಷ್ಟೇ ತಾನೇ" ಅಂತ. ಥರ್ಡ್ ಪಾರ್ಟಿ ಇಲ್ಲದೆ ಓಡಿಸೋ ಹಾಗೇ ಇಲ್ಲ, 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲ ಸಿಕ್ಕಿಬಿದ್ರೆ 2,000, ಮತ್ತೆ ಸಿಕ್ಕಿಬಿದ್ರೆ 4,000 ದಂಡ, ಜೈಲೂ ಆಗ್ಬಹುದು. ಅದರ ದರ ಸರ್ಕಾರನೇ ಗೊತ್ತುಮಾಡೋದು, 1000ದಿಂದ 1500 ಸಿಸಿ ಕಾರಿಗೆ 2022ರ ಜೂನಲ್ಲಿ ಬಂದ ದರ 3,416, ಯಾವ ಕಂಪನಿಲಿ ಮಾಡ್ಸಿದ್ರೂ ಅಷ್ಟೇ, ಇದ್ರಲ್ಲಿ ಚೌಕಾಶಿ ಇಲ್ಲ. ಬರೀ ಅದನ್ನ ಮಾಡಿಸಿದ್ರೆ ಜಿಎಸ್‌ಟಿ ಸೇರಿ ಸುಮಾರು 4,000ಕ್ಕೆ ಮುಗಿದು ಹೋಗ್ತಿತ್ತು, ಆಸೆ ಆಗಿದ್ದು ನಿಜ. ಆದ್ರೆ ಯೋಚ್ನೆ ಮಾಡಿ, ಕೋಟಿ ಇರೋರಿಗೆ ಕಾರು ಹೋದ್ರೆ ಇನ್ನೊಂದು, ನನಗೆ ಈ ಕಾರೇ ಇಡೀ ಉಳಿತಾಯ. ಕಳುವಾದ್ರೆ, ಅಂಡರ್‌ಪಾಸಲ್ಲಿ ನೀರು ತುಂಬಿದ್ರೆ, ಮರ ಬಿದ್ರೆ ಥರ್ಡ್ ಪಾರ್ಟಿಲಿ ಏನೂ ಬರಲ್ಲ. ಅದ್ರ ಮೇಲೆ ನಾನು ಹೊಸ ಡ್ರೈವರ್. ಕಮ್ಮಿ ದುಡ್ಡಿರೋರಿಗೇ ಫುಲ್ ಇನ್ಶೂರೆನ್ಸ್ ಜಾಸ್ತಿ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಹೆದರಿಕೆ ವಯಸ್ಸಿಂದು. ಇಂಗ್ಲೆಂಡಲ್ಲಿರೋ ನಮ್ಮತ್ತೆ ಮಗ ಅಲ್ಲಿ ಇಪ್ಪತ್ತೈದರ ಒಳಗಿನೋರಿಗೆ ಪ್ರೀಮಿಯಂ ಸಿಕ್ಕಾಪಟ್ಟೆ, ಕಾರಲ್ಲಿ ಬ್ಲ್ಯಾಕ್ ಬಾಕ್ಸ್ ಕೂರಿಸಿ ನಮ್ಮ ಡ್ರೈವಿಂಗ್ ಅಳೀತಾರೆ ಅಂತೆಲ್ಲ ಹೇಳಿ ಹೆದರಿಸಿದ್ದ. ಅಪ್ಪನೂ ಅದಕ್ಕೇ "ನನ್ ಹೆಸರಲ್ಲೇ ಕಾರು ಮಾಡ್ಸೋಣ ಕಣಮ್ಮ, ಕಮ್ಮಿ ಆಗತ್ತೇನೋ" ಅಂದಿದ್ರು. ನಮ್ಮ ದೇಶದಲ್ಲಿ ಮೂಲ ಲೆಕ್ಕ ಓಡಿಸೋರ ವಯಸ್ಸಿನ ಮೇಲಿಲ್ಲ. ಇಂಜಿನ್ ಸಿಸಿ, ಕಾರಿನ ವಯಸ್ಸು, ರಿಜಿಸ್ಟರ್ ಆಗಿರೋ ಊರು, ಐಡಿವಿ ಅಂದ್ರೆ ಪಾಲಿಸಿಲಿ ಕಾರಿಗೆ ಹಾಕಿರೋ ಬೆಲೆ, ಇವೇ ಮುಖ್ಯ. ಬೆಂಗಳೂರು ಜೋನ್ ಎ, ಕರ್ನಾಟಕದ ಉಳಿದ ಊರೆಲ್ಲ ಜೋನ್ ಬಿ, ವ್ಯತ್ಯಾಸ ತೀರ ಸಣ್ಣದು. ನನ್ನ ಥರದ ಕಾರಿಗೆ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿ) ಭಾಗದ ಹಳೇ ಟ್ಯಾರಿಫ್ ದರ ಐಡಿವಿಯ 3.447 ಪರ್ಸೆಂಟ್, 2007ರಿಂದ ಕಂಪನಿಗಳಿಗೆ ಸ್ವಾತಂತ್ರ್ಯ ಇರೋದ್ರಿಂದ ಅದ್ರ ಮೇಲೆ ಅವ್ರವ್ರ ಡಿಸ್ಕೌಂಟ್ ಕೊಡ್ತಾರೆ. ನನ್ನ ಹುಟ್ಟಿದ ದಿನಾಂಕ, ಅಪ್ಪಂದು ಎರಡೂ ಹಾಕಿ ನೋಡ್ದೆ, ಹೇಳ್ಕೊಳ್ಳೋವಂಥ ವ್ಯತ್ಯಾಸ ಬರ್ಲಿಲ್ಲ. ಹಾಗಾಗಿ ಕಾರು ನನ್ನ ಹೆಸರಲ್ಲೇ ಇದೆ, ಮುಂದೆ ಎನ್‌ಸಿಬಿ ಬೆಳೆಯೋದೂ ನನ್ನ ಹೆಸರಲ್ಲೇ. ಮನೇಲಿ ಅಪ್ಪ, ತಮ್ಮ ಓಡಿಸಿದ್ರೂ ಪರವಾಗಿಲ್ಲ, ಚಾಲ್ತಿ ಲೈಸೆನ್ಸ್ ಇದ್ದು ನನ್ನ ಒಪ್ಪಿಗೆ ಇದ್ರೆ ಕವರ್ ಇರತ್ತೆ.

ಡೀಲರ್ ಕಡೆಯ ಏಜೆಂಟ್ ಮೊದಲು ಕೊಟ್ಟ ಕೋಟ್ 21,400! ನನ್ನ ಸಂಬಳದಲ್ಲಿ ಬಾಡಿಗೆ, ಊಟ, ಮನೆ ಖರ್ಚು ಆದ್ಮೇಲೆ ಇಷ್ಟು ಎಲ್ಲಿಂದ ತರ್ಲಿ. ಅವತ್ತು ರಾತ್ರಿ ಸುಮ್ನೆ ಕಾರು ಮಾರಿಬಿಡೋಣ ಅನ್ನಿಸಿತ್ತು. ಆಮೇಲೆ ಒಂದೊಂದು ಸಾಲಾಗಿ ಬಿಡಿಸಿ ನೋಡ್ದೆ. ಕೀ ಕಳೆದ್ರೆ ಒಂದು, ಟೈರಿಗೆ ಒಂದು, ಆಯಿಲ್ ನಟ್ ಬೋಲ್ಟಿಗೆ ಒಂದು, ಜೊತೆಗೆ ಕೂರೋರಿಗೆ ಒಂದು, ಎಲ್ಲ ಆಡ್-ಆನ್ ಸೇರಿಸಿದ್ರು, ಆದ್ರೆ ಐಡಿವಿ ಮಾತ್ರ 2 ಲಕ್ಷದ 40 ಸಾವಿರ ಇಟ್ಟಿದ್ರು. ಕಮ್ಮಿ ದುಡ್ಡಿರೋರು ಎಲ್ಲಿ ಕತ್ತರಿಸ್ಬೇಕು, ಎಲ್ಲಿ ಕತ್ತರಿಸ್ಬಾರ್ದು ಅನ್ನೋದು ಇಲ್ಲೇ ಇದೆ. ಐಡಿವಿ ಅಂದ್ರೆ ಕಾರು ಕಳುವಾದ್ರೆ ಅಥವಾ ಪೂರ್ತಿ ಹಾಳಾದ್ರೆ ಕೈಗೆ ಸಿಗೋ ಮೊತ್ತದ ಮಿತಿ. ಐದು ವರ್ಷ ದಾಟಿದ ಕಾರಿಗೆ ಇದು ಕಂಪನಿ ಮತ್ತೆ ನಮ್ಮ ನಡುವಿನ ಒಪ್ಪಂದ, ಅಂದ್ರೆ ಮಾತಾಡೋಕೆ ಜಾಗ ಇದೆ. ನಾನು 3 ಲಕ್ಷದ 20 ಸಾವಿರ ಕೇಳಿದೆ. 50 ಪರ್ಸೆಂಟ್ ಡಿಸ್ಕೌಂಟ್ ಆದ್ಮೇಲೆ ಎರಡಕ್ಕೂ ಇರೋ ವ್ಯತ್ಯಾಸ ಜಿಎಸ್‌ಟಿ ಸೇರಿ ವರ್ಷಕ್ಕೆ ಸುಮಾರು 1,630 ರೂಪಾಯಿ ಅಷ್ಟೇ. ಅಷ್ಟು ಉಳಿಸೋಕೆ ಹೋಗಿ 80 ಸಾವಿರ ಬಿಟ್ಟುಕೊಡೋದು ಯಾವ ನ್ಯಾಯ?

ಆಡ್-ಆನ್‌ಗಳಲ್ಲಿ ಉಳಿಸ್ಕೊಂಡಿದ್ದು ಝೀರೋ ಡೆಪ್ ಒಂದೇ, ಬಂಪರ್ ಟು ಬಂಪರ್ ಅಂತಾರಲ್ಲ ಅದು. ಇದಿಲ್ಲ ಅಂದ್ರೆ ಪಾರ್ಟ್ಸ್ ಬದಲಾಯಿಸೋವಾಗ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧ ದುಡ್ಡು ನಮ್ಮ ಕೈಯಿಂದ, ಐದರಿಂದ ಹತ್ತು ವರ್ಷದ ಕಾರಾದ್ರೆ ಲೋಹದ ಭಾಗಕ್ಕೂ 40 ಪರ್ಸೆಂಟ್ ನಮ್ಮದೇ. ಹೊಸ ಡ್ರೈವರ್‌ಗಳು ಗುದ್ದೋದು ಬಂಪರೇ, ಬಂಪರ್ ಪ್ಲಾಸ್ಟಿಕ್ಕು, ಲೆಕ್ಕ ನೀವೇ ಹಾಕಿ. ಐದು ವರ್ಷ ದಾಟಿದ್ರೆ ಸುಮಾರು ಕಂಪನಿಗಳು ಝೀರೋ ಡೆಪ್ ಕೊಡಲ್ಲ ಅಂದ್ವು, ಕೊಡೋ ಕಂಪನಿ ಹುಡುಕೋಕೇ ಟೈಮ್ ಹಿಡೀತು. ಇಂಜಿನ್ ಪ್ರೊಟೆಕ್ಟ್ ನನ್ನ ಕಾರಿಗೆ ಸಿಗ್ಲಿಲ್ಲ, ಹಾಗಾಗಿ ಮನೇಲಿ ಎಲ್ರಿಗೂ ಹೇಳಿಟ್ಟಿದೀನಿ, ನೀರಲ್ಲಿ ಗಾಡಿ ಆಫ್ ಆದ್ರೆ ಯಾವ ಕಾರಣಕ್ಕೂ ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಟೋ ಮಾಡ್ಸಿ ಅಂತ. ಸ್ಟಾರ್ಟ್ ಮಾಡಿ ಇಂಜಿನ್ ಒಳಗೆ ನೀರು ಎಳ್ಕೊಂಡ್ರೆ ಮಾಮೂಲಿ ಪಾಲಿಸಿಲಿ ಇಂಜಿನ್ನಿಗೆ ದುಡ್ಡು ಬರೋದು ಕಷ್ಟ.

ಉಳಿತಾಯ ಎಲ್ಲಿ ಆಯ್ತು ಅಂದ್ರೆ, ಒಂದು ಪಿಎ ಕವರಲ್ಲಿ. ಓನರ್-ಡ್ರೈವರ್‌ಗೆ 15 ಲಕ್ಷದ ಅಪಘಾತ ವಿಮೆ ಕಡ್ಡಾಯ, ಆದ್ರೆ ಒಬ್ರಿಗೆ ಒಂದೇ ಸಾಕು. ನನ್ನ ಸ್ಕೂಟಿ ಪಾಲಿಸಿಲಿ ಅದು ಆಗ್ಲೇ ಇತ್ತು, ಆ ಪಾಲಿಸಿ ನಂಬರ್ ಕೊಟ್ಟು ಕಾರಲ್ಲಿ ತೆಗೆಸಿದೆ. ಇನ್ನೊಂದು, ನಾನು ಆಫೀಸಿಗೆ ಮೆಟ್ರೋಲೇ ಹೋಗೋದು, ಕಾರು ವಾರಾಂತ್ಯಕ್ಕೆ ಮತ್ತೆ ಊರಿಗೆ. 2022ರ ಜುಲೈಯಲ್ಲಿ ವಿಮೆ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಒಪ್ಪಿಗೆ ಕೊಟ್ಟ ಪೇ ಆಸ್ ಯು ಡ್ರೈವ್ (ಓಡಿಸೋ ಕಿಲೋಮೀಟರ್ ಲೆಕ್ಕದಲ್ಲಿ ಪ್ರೀಮಿಯಂ) ತಗೊಂಡೆ, ವರ್ಷಕ್ಕೆ 7,500 ಕಿಲೋಮೀಟರ್, ಓನ್ ಡ್ಯಾಮೇಜ್ ಪ್ರೀಮಿಯಂ ಇನ್ನಷ್ಟು ಇಳೀತು. ಕಿಲೋಮೀಟರ್ ಮುಗಿಯೋಕೆ ಬಂದ್ರೆ ಟಾಪ್ ಅಪ್ ಮಾಡ್ಬೇಕು, ದಿನಾ ಕಾರಲ್ಲಿ ಓಡಾಡೋರಿಗೆ ಇದು ಬೇಡ. ವಾಲಂಟರಿ ಡಿಡಕ್ಟಿಬಲ್ ಅನ್ನೋದೂ ಇದೆ, ಪ್ರತಿ ಕ್ಲೇಮಲ್ಲಿ 2,500 ನಾನೇ ಹಾಕ್ತೀನಿ ಅಂದ್ರೆ 20 ಪರ್ಸೆಂಟ್ ರಿಯಾಯ್ತಿ ಅಂತ ಕಾಣತ್ತೆ, ಆದ್ರೆ ಗರಿಷ್ಠ 750 ರೂಪಾಯಿ. ಕ್ಲೇಮಲ್ಲಿ ಕಡ್ಡಾಯವಾಗಿ ನಾವೇ ಹಾಕ್ಬೇಕಾದ 1,000 ಹೇಗೂ ಇದೆ, ಹೊಸ ಡ್ರೈವರ್ ಆಗಿ ಇದು ನನಗೆ ಲಾಭ ಅನ್ನಿಸ್ಲಿಲ್ಲ, ಬಿಟ್ಟೆ.

ಆನ್‌ಲೈನಲ್ಲಿ ರೇಟ್ ನೋಡೋವಾಗ ಹುಷಾರು. ಕಾರ್ ನಂಬರ್ ಹಾಕಿದ ತಕ್ಷಣ ಹಳೇ ಓನರ್ ಎನ್‌ಸಿಬಿ ತಾನಾಗೇ ಬಂದು ಕೂರತ್ತೆ, "ಕಳೆದ ವರ್ಷ ಕ್ಲೇಮ್ ಮಾಡಿದೀರಾ" ಅಂತ ಕೇಳತ್ತೆ, ಇಲ್ಲ ಅಂದ್ರೆ ಅದನ್ನ 50 ಪರ್ಸೆಂಟಿಗೆ ಏರಿಸಿ ಕಡಿಮೆ ರೇಟ್ ತೋರಿಸತ್ತೆ, ಕಣ್ಣು ಅರಳತ್ತೆ. ಆದ್ರೆ ಅದು ನಮ್ಮ ಹಕ್ಕಲ್ಲ. ಮಾಲೀಕತ್ವ ಬದಲಾಗಿದೆ ಅನ್ನೋ ಆಯ್ಕೆ ಇರತ್ತೆ, ಅದನ್ನ ಒತ್ತಿ, ಎನ್‌ಸಿಬಿ ಸೊನ್ನೆ ಆಗತ್ತೆ. ಒಬ್ಬ ಏಜೆಂಟ್ ನನಗೆ ಫೋನಲ್ಲಿ "ಓನರ್ ಬದಲಾಗಿಲ್ಲ ಅಂತಾನೇ ಹಾಕಿ ಮೇಡಂ, ಯಾರು ಚೆಕ್ ಮಾಡ್ತಾರೆ" ಅಂದ್ರು. ಕ್ಲೇಮ್ ಬಂದಾಗ ಖಂಡಿತ ಚೆಕ್ ಮಾಡ್ತಾರೆ, ಹಳೇ ಕಂಪನಿನ ಕೇಳೋದು ಅವ್ರಿಗೆ ಕಷ್ಟನೇ ಅಲ್ಲ, ಸುಳ್ಳು ಮಾಹಿತಿ ಅಂತ ನಿಮ್ಮ ಕ್ಲೇಮನ್ನೇ ತಿರಸ್ಕರಿಸಬಹುದು. ನನ್ನಂಥ ಎಷ್ಟು ಜನ ಹುಡುಗ್ರು ಈ ಮಾತು ನಂಬಿ ದುಡ್ಡೂ ಕಟ್ಟಿ ಕವರೂ ಇಲ್ದೆ ಓಡಾಡ್ತಿದಾರೋ, ನೆನೆಸ್ಕೊಂಡ್ರೆ ಸಿಟ್ಟು ಬರತ್ತೆ. ಸ್ಕೂಟಿ ಎನ್‌ಸಿಬಿ ಕಾರಿಗೆ ಬರತ್ತಾ ಅಂತಾನೂ ಕೇಳಿದೆ, ಬರಲ್ಲ, ಒಂದೇ ವರ್ಗದ ಗಾಡಿಗೆ ಮಾತ್ರ.

ಕೊನೇ ಗಳಿಗೆಲಿ ಸಿಕ್ಕಾಕ್ಕೊಂಡಿದ್ದು ಕೆವೈಸಿ. 2023ರ ಜನವರಿಯಿಂದ ಎಲ್ಲ ಪಾಲಿಸಿಗೂ ಕೆವೈಸಿ ಕಡ್ಡಾಯ. ನನ್ನ ಆಧಾರಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್, ಪ್ಯಾನಲ್ಲಿ ಅಪ್ಪನ ಹೆಸರು ಪೂರ್ತಿ. ನಮ್ಮ ಕಡೆ ಅರ್ಧ ಜನರದ್ದು ಹೀಗೇ ಇರತ್ತೆ ಬಿಡಿ. ದುಡ್ಡು ಕಟ್ಟೋ ಪೇಜಲ್ಲಿ ಹೆಸರು ಹೊಂದ್ತಿಲ್ಲ ಅಂತ ನಿಂತೇಹೋಯ್ತು, ಪಾಲಿಸಿ ಮುಗಿಯೋ ದಿನ ಬೇರೆ ಮುಂದೆ ಇದೆ, ಎದೆ ಡವಡವ. ಆಧಾರ್, ಪ್ಯಾನ್ ಎರಡೂ ಸ್ಕ್ಯಾನ್ ಮಾಡಿ ಫೋಟೋ ಸಮೇತ ಕಂಪನಿಗೆ ಅಪ್‌ಲೋಡ್ ಮಾಡಿದ್ಮೇಲೆ ಮ್ಯಾನ್ಯುವಲ್ ಆಗಿ ಪಾಸ್ ಮಾಡಿದ್ರು. ಝೀರೋ ಡೆಪ್ ಹೊಸದಾಗಿ ಸೇರಿಸಿದ್ದಕ್ಕೆ ಮತ್ತೊಂದು ವಿಡಿಯೋ ಇನ್‌ಸ್ಪೆಕ್ಷನ್ ಕೇಳಿದ್ರು, ಈ ಸಲ ಹಗಲಲ್ಲೇ ಮಾಡಿ ಕಳಿಸಿದೆ, ಅವತ್ತೇ ಓಕೆ ಆಯ್ತು. ಅವಧಿ ಮುಗಿಯೋಕೆ ಕನಿಷ್ಠ ಮೂರು ವಾರ ಮುಂಚೆ ಶುರು ಮಾಡಿ ಅಂತ ಹೇಳೋದು ಇದಕ್ಕೇ.

ಕೊನೇ ಲೆಕ್ಕ: ಓನ್ ಡ್ಯಾಮೇಜ್ 4,688, ಝೀರೋ ಡೆಪ್ 1,800, ಥರ್ಡ್ ಪಾರ್ಟಿ 3,416, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 11,687. 21,400 ಎಲ್ಲಿ, ಇದೆಲ್ಲಿ, ಅದೂ ಐಡಿವಿ 80 ಸಾವಿರ ಜಾಸ್ತಿ ಇಟ್ಕೊಂಡು. ಆದ್ರೂ ಒಂದೇ ಸಲಕ್ಕೆ ಇಷ್ಟು ಕಟ್ಟೋದು ನನ್ನಂಥೋರಿಗೆ ಭಾರನೇ. ಕಾರ್ಡ್ ಇಎಂಐ ಬೇಡ ಅಂತ ಬಿಟ್ಟೆ, ಬಡ್ಡಿ, ಬಡ್ಡಿ ಮೇಲೆ ಜಿಎಸ್‌ಟಿ ಎಲ್ಲ ಸೇರತ್ತೆ. ಹಬ್ಬದ ಬೋನಸ್ ಎತ್ತಿಟ್ಟಿದ್ದು ಇತ್ತು, ಅದ್ರಲ್ಲಿ ಕಟ್ಟಿದೆ. ಮುಂದಿನ ವರ್ಷಕ್ಕೆ ಈಗ್ಲೇ ತಿಂಗಳಿಗೆ 1,000 ರೂಪಾಯಿ ಆರ್‌ಡಿ ಶುರು ಮಾಡಿದೀನಿ, ರಿನ್ಯೂವಲ್‌ಗೆ ಒಂದು ತಿಂಗಳು ಮುಂಚೆ ಕೈಗೆ ಬರೋ ಹಾಗೆ.

ಪಿಡಿಎಫ್ ಬಂದ ತಕ್ಷಣ ಹೆಸರಿನ ಸ್ಪೆಲ್ಲಿಂಗ್, ಇಂಜಿನ್ ನಂಬರ್, ಚಾಸಿ ನಂಬರ್, ಐಡಿವಿ, ಎನ್‌ಸಿಬಿ ಸೊನ್ನೆ ಇದ್ಯಾ, ಆಡ್-ಆನ್ ಹೆಸರು ಅದ್ರಲ್ಲಿ ಅಚ್ಚಾಗಿದ್ಯಾ, ಎಲ್ಲ ಆರ್‌ಸಿ ಪಕ್ಕ ಇಟ್ಕೊಂಡು ನೋಡಿ. ನನ್ನದ್ರಲ್ಲಿ ಚಾಸಿ ನಂಬರಲ್ಲಿ ಒಂದಕ್ಷರ ತಪ್ಪು ಬಂದಿತ್ತು, ಈಮೇಲ್ ಹಾಕಿ ಸರಿ ಮಾಡಿಸ್ಕೊಂಡೆ, ಅದಕ್ಕೆ ದುಡ್ಡು ಕೇಳ್ಲಿಲ್ಲ. ಈ ವರ್ಷ ಕ್ಲೇಮ್ ಇಲ್ದೆ ಕಳೆದ್ರೆ ಮುಂದಿನ ಸಲ ನನಗೆ 20 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಆಮೇಲೆ 25, 35, 45, 50. ಹಾಗಾಗಿ ಸಣ್ಣ ಗೀರಿಗೆಲ್ಲ ಕ್ಲೇಮ್ ಹಾಕೋ ಮುಂಚೆ ಗ್ಯಾರೇಜಲ್ಲಿ ರೇಟ್ ಕೇಳಿ ಎರಡನ್ನೂ ತೂಗಿ ನೋಡ್ತೀನಿ. ರಿನ್ಯೂವಲ್ ತಪ್ಪಿ 90 ದಿನ ದಾಟಿದ್ರೆ ಆ ಬೋನಸ್ಸೂ ಹೋಗತ್ತೆ. ನನ್ನ ಆರ್‌ಸಿ ಮೊನ್ನೆ ಪೋಸ್ಟಲ್ಲಿ ಬಂತು, ಅದರ ಕಾಪಿನೂ ಕಂಪನಿಗೆ ಕಳಿಸಿ ಸಿಕ್ತು ಅಂತ ಉತ್ತರ ತರಿಸ್ಕೊಂಡಿದೀನಿ. ಯಾರಿಗಾದ್ರೂ ಫಾರ್ಮ್ 29, 30 ತುಂಬೋದ್ರಲ್ಲಿ ಡೌಟ್ ಇದ್ರೆ ಕೇಳಿ, ನನ್ನ ಹತ್ರ ತುಂಬಿದ ಕಾಪಿ ಇದೆ, ನೋಡಿ ಹೇಳ್ತೀನಿ.